ಗಾಜಿನ ಇನ್ಸುಲೇಟರ್ ಹುಡುಕುವವರಿಗೆ: ಗ್ಯಾರೇಜ್ ಸೇಲ್ ಒಳ್ಳೇದಾ, ಬೇರೆ ಕಡೆ ಒಳ್ಳೇದಾ?

ನಮ್ಮ ಕಡೆ ತಂತಿ ಕಂಬದ ಮೇಲೆ ಬಿಳಿ ಪಿಂಗಾಣಿ ಬಟ್ಟಲು ಕೂತಿರುತ್ತಿತ್ತು, ನೆನಪಿದೆ ಅಲ್ವಾ? ರೈಲಿನ ಕಿಟಕಿ ಪಕ್ಕ ಕೂತರೆ ಸಾಲಾಗಿ ಹಿಂದಕ್ಕೆ ಓಡುತ್ತಿದ್ದವು. ಅಮೆರಿಕದ ಟೆಲಿಗ್ರಾಫ್, ಟೆಲಿಫೋನ್ ಕಂಬಗಳಲ್ಲಿ ಅದೇ ಕೆಲಸವನ್ನು ಹೆಚ್ಚಾಗಿ ಗಾಜು ಮಾಡುತ್ತಿತ್ತು. ಒಂದು ಸಣ್ಣ ಗಂಟೆಯ ಆಕಾರ, ಒಳಗೆ ತಿರುಪು, ಹೊರಗೆ ತಂತಿ ಕಟ್ಟೋಕೆ ಒಂದು ಕಾಲುವೆ. ತಂತಿಯ ಕರೆಂಟು ಕಂಬಕ್ಕೆ ಇಳಿಯದ ಹಾಗೆ ನೋಡಿಕೊಳ್ಳೋದು ಅದರ ಕೆಲಸ, ಅದನ್ನೇ ಇನ್ಸುಲೇಟರ್ ಅನ್ನೋದು. ಆಮೇಲೆ ತಂತಿಗಳು ಕೇಬಲ್ ಆದವು, ಕೇಬಲ್ ನೆಲದೊಳಗೆ ಹೋಯಿತು, ಕಂಬ ಉರುಳಿತು. ಗಾಜು ಮಾತ್ರ ಜನರ ಗ್ಯಾರೇಜಿನ ಮೂಲೆ ಸೇರಿಕೊಂಡಿತು. ಈಗ ಶನಿವಾರ ಬೆಳಿಗ್ಗೆ ಗ್ಯಾರೇಜ್ ಸೇಲ್‌ನಲ್ಲಿ, ಅಂದರೆ ಜನ ಬೇಡದ ಸಾಮಾನನ್ನು ಮನೆ ಮುಂದೆ ಇಟ್ಟು ಮಾರುವ ಕಡೆ, ಹಳೇ ಸುತ್ತಿಗೆ, ಮಕ್ಕಳ ಸೈಕಲ್ಲು, ಮುರಿದ ಫ್ಯಾನಿನ ಪಕ್ಕ ಒಂದು ಡಾಲರಿಗೆ ಅದು ಸಿಗುತ್ತದೆ.

ನಾನಿರೋದು ಇಂಡಿಯಾನಾದಲ್ಲಿ, ಇಂಡಿಯಾನಾಪೊಲಿಸ್‌ನಿಂದ ಸ್ವಲ್ಪ ಉತ್ತರಕ್ಕೆ. ಒಂಬತ್ತು ವರ್ಷದಿಂದ ಇವನ್ನು ಹುಡುಕುತ್ತಿದ್ದೇನೆ. ಕಿಟಕಿಯಲ್ಲಿ ಜೋಡಿಸಿಟ್ಟಿದ್ದನ್ನು ನೋಡಿ ಮನೆಗೆ ಬಂದವರು ಕೇಳುವ ಪ್ರಶ್ನೆ ಒಂದೇ: ಎಲ್ಲಿ ಸಿಗುತ್ತೆ, ಎಲ್ಲಿ ತಗೊಂಡರೆ ಒಳ್ಳೇದು?

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಹೊಸದಾಗಿ ಶುರು ಮಾಡುತ್ತಿದ್ದರೆ ಗ್ಯಾರೇಜ್ ಸೇಲ್‌ಗೇ ಹೋಗಿ, ಬೇರೆ ಯೋಚನೆ ಬೇಡ. ಕಿಟಕಿ ತುಂಬ ಇಡೋಕೆ ಒಂದೇ ಸಲ ಇಪ್ಪತ್ತು ಮೂವತ್ತು ಬೇಕಾದರೆ ಇಡೀ ಮನೆಯ ಸಾಮಾನು ಮಾರುವ ಎಸ್ಟೇಟ್ ಸೇಲ್ ಅಥವಾ ಹಳ್ಳಿ ಕಡೆಯ ಹರಾಜು. ಇಂಥದ್ದೇ ಬಣ್ಣ, ಇಂಥದ್ದೇ ಹೆಸರು ಬೇಕು ಅಂತ ಪಟ್ಟಿ ಇದ್ದರೆ ಸಂಗ್ರಹಕಾರರ ಮೇಳ, ಅಂದರೆ ಇನ್ಸುಲೇಟರ್ ಶೋ, ಇಲ್ಲವಾದರೆ ಆನ್‌ಲೈನ್. ಸಮಯವೇ ಇಲ್ಲ, ಒಂದೇ ಒಂದು ಚೆಂದದ್ದು ಮೇಜಿನ ಮೇಲೆ ಇಟ್ಟುಕೊಂಡರೆ ಸಾಕು ಅನ್ನುವವರಿಗೆ ಹಳೇ ವಸ್ತು ಮಾರುವ ಆಂಟಿಕ್ ಮಾಲ್. ಅಲ್ಲಿ ದುಡ್ಡು ಜಾಸ್ತಿ ಹೋಗುತ್ತದೆ, ಅಷ್ಟೇ.

ಯಾಕೆ ಅಂತ ಹೇಳೋಕೆ ಮುಂಚೆ ಒಂದು ವಿಷಯ ಗೊತ್ತಿರಬೇಕು. ಇದರಲ್ಲಿ ಬೆಲೆ ಕಟ್ಟೋದು ವಯಸ್ಸಲ್ಲ.

ಬೆಲೆ ಬರೋದು ಎಲ್ಲಿಂದ

ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಹಳೇದಾದಷ್ಟೂ ಬೆಲೆ ಅಂದುಕೊಳ್ಳೋದು. ಮಾರುವವರೂ ಹಾಗೇ ಅಂದುಕೊಂಡಿರುತ್ತಾರೆ. ಗಾಜಿನ ಮೇಲೆ 'ಪೇಟೆಂಟ್ ಮೇ 2 1893' ಅಂತ ಉಬ್ಬಿದ ಅಕ್ಷರ ಇದ್ದರೆ ಚೀಟಿಯಲ್ಲಿ '1893ರದ್ದು' ಅಂತ ಬರೆದು ಹತ್ತು ಡಾಲರ್ ಹಾಕಿರುತ್ತಾರೆ. ಅದು ಆ ಗಾಜು ತಯಾರಾದ ದಿನ ಅಲ್ಲ. ಇವನ್ನು ತಯಾರಿಸುತ್ತಿದ್ದ ಹೆಮಿಂಗ್ರೇ ಕಂಪನಿ ಇನ್ಸುಲೇಟರಿನ ಕೆಳ ಅಂಚಿಗೆ ಸಾಲು ಹಲ್ಲು ಇಡುವ ವಿಧಾನಕ್ಕೆ ಪೇಟೆಂಟ್ ತಗೊಂಡ ದಿನ. ಮಳೆನೀರು ಆ ಹಲ್ಲಿನ ತುದಿಯಿಂದ ತೊಟ್ಟಿಕ್ಕಿ ಬೀಳಲಿ ಅನ್ನೋದು ಉದ್ದೇಶ. ಆಮೇಲೆ ವರ್ಷಗಟ್ಟಲೆ ಅದೇ ತಾರೀಖನ್ನೇ ಅಚ್ಚು ಹಾಕುತ್ತಾ ಹೋದರು.

ಹಾಗೇ 'ಹೆಮಿಂಗ್ರೇ-42' ಅಂತ ಇದ್ದರೆ ಅದು 1942 ಅಲ್ಲ. 42 ಅನ್ನೋದು ಮಾದರಿಯ ನಂಬರು. 1920ರ ದಶಕದಿಂದ 1960ರ ದಶಕದವರೆಗೆ ಲೆಕ್ಕವಿಲ್ಲದಷ್ಟು ಬಂದಿವೆ. ಗ್ಯಾರೇಜ್ ಸೇಲ್‌ನಲ್ಲಿ ನಿಮ್ಮ ಕೈಗೆ ಮೊದಲು ಸಿಗೋದು ಇದೇ, ಎರಡನೇದೂ ಇದೇ, ಹತ್ತನೇದೂ ಬಹುಶಃ ಇದೇ.

ಬೆಲೆ ನಿಂತಿರೋದು ನಾಲ್ಕು ವಿಷಯದ ಮೇಲೆ. ಆಕಾರ, ಮೇಲಿನ ಹೆಸರು, ಬಣ್ಣ, ಮತ್ತೆ ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋದು. ಆಕಾರಕ್ಕೆ ಸಂಗ್ರಹಕಾರರು ಸಿಡಿ ನಂಬರ್ ಬಳಸುತ್ತಾರೆ. ಎನ್. ಆರ್. ವುಡ್‌ವರ್ಡ್ ಅನ್ನುವವರು ಮಾಡಿದ ಪದ್ಧತಿ ಅದು. ಒಂದೇ ಆಕಾರಕ್ಕೆ ಒಂದೇ ನಂಬರು, ಮಾಡಿದವರು ಯಾರೇ ಆಗಲಿ. ಉದಾಹರಣೆಗೆ ಸಿಡಿ 154 ತಗೊಳ್ಳಿ. ಹೆಮಿಂಗ್ರೇಯವರು ಅದನ್ನು 42 ಅಂತ ಕರೆದರು. ನ್ಯೂಜೆರ್ಸಿಯ ವಿಟಾಲ್ ಟೇಟಮ್‌ನವರು ನಂಬರ್ 1 ಅಂದರು. ವರ್ಜೀನಿಯಾದ ಲಿಂಚ್‌ಬರ್ಗ್‌ನವರು, ನ್ಯೂಜೆರ್ಸಿಯ ಗೇನರ್‌ನವರು ನಂಬರ್ 44 ಅಂದರು. ಕೆನಡಾದ ಡೊಮಿನಿಯನ್‌ನವರು ಮತ್ತೆ 42 ಅಂದರು. ದೂರದಿಂದ ನೋಡಿದರೆ ಎಲ್ಲಾ ಒಂದೇ ಥರ. ಕೈಗೆ ತಗೊಂಡು ಅಕ್ಷರ ಓದಿದಾಗಲೇ ವ್ಯತ್ಯಾಸ ಗೊತ್ತಾಗೋದು.

ಆದರೂ ನಾಲ್ಕರಲ್ಲಿ ಜೋರು ಬಣ್ಣದ್ದೇ. ತಿಳಿ ಹಸಿರು-ನೀಲಿ ಸಾಮಾನ್ಯ. ಇಲ್ಲಿ ಅದನ್ನು ಅಕ್ವಾ ಅಂತಾರೆ. ಬಣ್ಣವೇ ಇಲ್ಲದ ಸಾದಾ ಗಾಜೂ ಸಾಮಾನ್ಯ. ಹೆಮಿಂಗ್ರೇ-19 ಅನ್ನುವ ಮಾದರಿ ಅಕ್ವಾ ಬಣ್ಣದಲ್ಲಿದ್ದರೆ ಕೆಲವು ಡಾಲರು. ಅದೇ ಅಚ್ಚು ಗಾಢ ಕೋಬಾಲ್ಟ್ ನೀಲಿಯಲ್ಲಿ ಬಂದರೆ ನೂರು ಡಾಲರ್ ದಾಟುತ್ತದೆ. ಅಚ್ಚು ಅದೇ, ಅಕ್ಷರ ಅದೇ, ಬೇರೆಯಾಗಿದ್ದು ಬಣ್ಣ ಒಂದೇ.

ಗ್ಯಾರೇಜ್ ಸೇಲ್

ಅಪರೂಪದ ಮಾಲು ಸಿಗುವ ಜಾಗ ಇದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ಮನೆ ಸುತ್ತಿದರೆ ಒಂದು ಮನೆಯಲ್ಲಿ ಇನ್ಸುಲೇಟರ್ ಇರುತ್ತದೆ, ಅದೂ ನಸೀಬು ಇದ್ದರೆ. ಎಷ್ಟೋ ಶನಿವಾರ ಬರಿಗೈಲಿ ಬಂದಿದ್ದೇನೆ. ಹಾಗಿದ್ದೂ ಹೊಸಬರಿಗೆ ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ಇಲ್ಲಿ ತಪ್ಪು ಮಾಡಿದರೆ ಹೋಗೋದು ಒಂದು ಡಾಲರು. ಒಂದೊಂದೇ ಡಾಲರಿಗೆ ಮೂವತ್ತು ತಗೊಂಡು, ಮನೆಗೆ ತಂದು, ತೊಳೆದು, ಕಿಟಕಿಗೆ ಹಿಡಿದು ನೋಡುವಷ್ಟರಲ್ಲಿ ಕಣ್ಣು ಪಳಗಿರುತ್ತದೆ. ಗಾಜನ್ನು ಕೈಯಲ್ಲಿ ಹಿಡಿಯದೆ ಫೋಟೋ ನೋಡಿ ಕಲಿಯೋಕೆ ಆಗೋದಿಲ್ಲ.

ಎರಡನೇ ಕಾರಣ, ಗಾಜಿನ ಜೊತೆ ಅದರ ಊರೂ ಸಿಗುತ್ತದೆ. ಆರು ವರ್ಷದ ಹಿಂದೆ ಆಂಡರ್ಸನ್ ಹತ್ತಿರ ಒಂದು ಮನೆ. ಮೇಜಿನ ಮೇಲೆ ಸ್ಪ್ಯಾನರು, ಮೀನಿನ ಗಾಳ, ಕಾಫಿ ಡಬ್ಬದ ತುಂಬ ತುಕ್ಕು ಹಿಡಿದ ಮೊಳೆ. ಇನ್ಸುಲೇಟರ್ ಒಂದೂ ಕಾಣಲಿಲ್ಲ. ಆದರೂ ಕೇಳಿದೆ. ಕುರ್ಚಿಯಲ್ಲಿ ಕೂತಿದ್ದ ಅಜ್ಜ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು, ಎದ್ದು ಒಳಗೆ ಹೋಗಿ ಮರದ ಪೆಟ್ಟಿಗೆ ಎಳಕೊಂಡು ಬಂದರು. ಮೂವತ್ತಕ್ಕೂ ಜಾಸ್ತಿ ಇದ್ದವು, ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿದ್ದವು. ಅವರು ಟೆಲಿಫೋನ್ ಲೈನ್‌ಮ್ಯಾನ್ ಆಗಿದ್ದವರು. ಸ್ಟೇಟ್ ರೋಡ್ 32ರ ಪಕ್ಕದ ಕಂಬಗಳನ್ನು ತೆಗೆಯುವಾಗ ಎಸೆಯೋಕೆ ಮನಸ್ಸು ಬರದೆ ಎತ್ತಿಟ್ಟುಕೊಂಡಿದ್ದರಂತೆ. ಒಂದೊಂದನ್ನೂ ಕೈಗೆ ತಗೊಂಡು ಬಿಡಿಸುತ್ತಾ, ಚಳಿಗಾಲದಲ್ಲಿ ಕೈಗವಸು ಹಾಕಿಕೊಂಡು ಇದರ ಕತ್ತಿಗೆ ತಂತಿ ಕಟ್ಟೋದು ಎಷ್ಟು ಕಷ್ಟ ಅಂತ ಬೆರಳು ಸುತ್ತಿ ತೋರಿಸಿದರು. ಬೆಲೆ ಒಂದು ಡಾಲರ್ ಅಂದರು. ನಾನು ಚೌಕಾಸಿ ಮಾಡಲಿಲ್ಲ, ಎಲ್ಲಾ ತಗೊಂಡೆ. ಅದರಲ್ಲಿ ಹತ್ತು ಡಾಲರ್ ದಾಟುವಂಥದ್ದು ಒಂದೂ ಇರಲಿಲ್ಲ. ಆದರೆ ಆ ಪೆಟ್ಟಿಗೆಯನ್ನು ನಾನು ಯಾರಿಗೂ ಕೊಡೋದಿಲ್ಲ.

ಅದಕ್ಕೇ ಹೇಳೋದು, ಕೇಳಿ. ಮೇಜಿನ ಮೇಲೆ ಕಾಣದಿದ್ದರೂ ಕೇಳಿ. 'ಇನ್ಸುಲೇಟರ್' ಅಂದರೆ ಕೆಲವರಿಗೆ ಗೊತ್ತಾಗೋದಿಲ್ಲ, ಫೋನಿನಲ್ಲಿ ಒಂದು ಫೋಟೋ ಇಟ್ಟುಕೊಂಡಿದ್ದು ತೋರಿಸಿ. 'ಓ, ಇದಾ, ಹಿಂದೆ ಶೆಡ್ಡಿನಲ್ಲಿ ಬಿದ್ದಿದೆ' ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ.

ಯಾವ ಮನೆಗೆ ಹೋಗಬೇಕು ಅನ್ನೋದೂ ಮುಖ್ಯ. ಹೊಸ ಬಡಾವಣೆಗಳಲ್ಲಿ ಸುತ್ತಿ ಪೆಟ್ರೋಲ್ ಸುಡಬೇಡಿ, ಅಲ್ಲಿ ಸಿಗೋದು ಮಕ್ಕಳ ಬಟ್ಟೆ, ವ್ಯಾಯಾಮದ ಸೈಕಲ್ಲು. ಹಳೇ ಊರುಗಳಿಗೆ ಹೋಗಿ, ರೈಲು ಹಳಿ ಹಾದುಹೋಗುವ ಕಡೆ, ಹಿಂದೆ ಒಂದು ಶೆಡ್ಡೋ ಕಣಜವೋ ಇರುವ ಮನೆಗಳಿಗೆ. ಜಾಹೀರಾತಿನಲ್ಲಿ ಉಪಕರಣ, ರೈಲ್‌ರೋಡ್, ಹಳೇ ಬಾಟಲಿ, ಐವತ್ತು ವರ್ಷದಿಂದ ಒಂದೇ ಮನೆ ಅನ್ನುವ ಮಾತು ಇದ್ದರೆ ಮೊದಲು ಅಲ್ಲಿಗೇ ಹೋಗಿ. ಎಷ್ಟೋ ಕಡೆ ಶುಕ್ರವಾರವೇ ಶುರುವಾಗುತ್ತದೆ. ಶನಿವಾರ ಹನ್ನೊಂದು ಗಂಟೆಗೆ ಹೋದರೆ ಉಳಿದಿರೋದು ಗಾಳಿ. ಒಂದು ಡಾಲರಿನ ನೋಟುಗಳು ಜೇಬಲ್ಲಿರಲಿ. ಒಂದು ಡಾಲರಿನ ಮಾಲಿಗೆ ಇಪ್ಪತ್ತರ ನೋಟು ಚಾಚಿದರೆ ಬೋಣಿ ಹೊತ್ತಲ್ಲಿ ಯಾರಿಗಾದರೂ ಬೇಜಾರಾಗುತ್ತೆ.

ಇಂಡಿಯಾನಾದವರಿಗೆ ಇನ್ನೊಂದು ಅನುಕೂಲ ಇದೆ. ಹೆಮಿಂಗ್ರೇ ಕಾರ್ಖಾನೆ ಇದ್ದಿದ್ದು ಇಲ್ಲೇ, ಮನ್ಸಿಯಲ್ಲಿ. ಕಂಪನಿ ಹುಟ್ಟಿದ್ದು 1848ರಲ್ಲಿ ಸಿನ್ಸಿನಾಟಿಯಲ್ಲಿ, ಆಮೇಲೆ ನದಿ ದಾಟಿ ಕೆಂಟಕಿಯ ಕೋವಿಂಗ್ಟನ್‌ಗೆ ಹೋಯಿತು, 1888ರಲ್ಲಿ ಮನ್ಸಿಗೆ ಬಂತು. ಯಾಕೆ ಬಂತು ಅಂದರೆ, ಈ ಸೀಮೆಯಲ್ಲಿ ಆಗಷ್ಟೇ ನೆಲದಡಿ ನೈಸರ್ಗಿಕ ಅನಿಲ ಸಿಕ್ಕಿತ್ತು, ಗಾಜಿನ ಕುಲುಮೆಗೆ ಬೇಕಿದ್ದೇ ಅಗ್ಗದ ಬೆಂಕಿ. ಉಪ್ಪಿನಕಾಯಿ ಜಾಡಿಗಳಿಗೆ ಹೆಸರಾದ ಬಾಲ್ ಕಂಪನಿ ಕೂಡ ಅದೇ ಕಾರಣಕ್ಕೆ ಅದೇ ಊರಿಗೆ ಬಂದಿದ್ದು. 1933ರಲ್ಲಿ ಓವೆನ್ಸ್-ಇಲಿನಾಯ್ ಅನ್ನುವ ಗಾಜಿನ ಕಂಪನಿ ಹೆಮಿಂಗ್ರೇಯನ್ನು ಕೊಂಡುಕೊಂಡಿತು. ಹಾಗಾಗಿ ನಮ್ಮ ಸುತ್ತಮುತ್ತ ಹೆಮಿಂಗ್ರೇ ಧಾರಾಳ. ಬೇರೆ ಹೆಸರು ಕಂಡರೆ ನಾನು ಬಿಡೋದಿಲ್ಲ. ನೀವು ಕ್ಯಾಲಿಫೋರ್ನಿಯಾದಲ್ಲಿದ್ದರೆ ಲೆಕ್ಕ ಬೇರೆ. ಅಲ್ಲಿ 'ಕ್ಯಾಲಿಫೋರ್ನಿಯಾ' ಅಂತಲೇ ಅಕ್ಷರ ಇರುವ ನೇರಳೆ ಗಾಜು ನಿಮ್ಮ ಕಡೆಯ ಮಾಲು. ಕೊಲರಾಡೋದಲ್ಲಿದ್ದರೆ ಡೆನ್ವರ್‌ನ ಹೆಸರಿರುವ ನೇರಳೆ. ನಿಮ್ಮ ಸೀಮೆಯ ಕಾರ್ಖಾನೆ ಯಾವುದು ಅಂತ ತಿಳಿದುಕೊಂಡು ಹೊರಟರೆ ಅರ್ಧ ಕೆಲಸ ಆದಂತೆ.

ಒಂದು ಸೂಕ್ಷ್ಮ ವಿಷಯ. ವಯಸ್ಸಾದ ಅಜ್ಜಿಯೊಬ್ಬರು ನೂರು ಡಾಲರಿನ ಮಾಲನ್ನು ಒಂದು ಡಾಲರಿಗೆ ಇಟ್ಟಿದ್ದರೆ ಏನು ಮಾಡಬೇಕು? ಮಾರುವವರು ಹೇಳಿದ ಬೆಲೆ ಕೊಟ್ಟರೆ ತಪ್ಪೇನಿಲ್ಲ ಅನ್ನುವವರಿದ್ದಾರೆ. ನನ್ನ ಮನಸ್ಸು ಒಪ್ಪೋದಿಲ್ಲ. ಅಂಥದ್ದು ಒಂದೇ ಸಲ ಆಗಿದೆ, ಹೇಳಿದೆ, ಅವರು ನಕ್ಕು ಇಪ್ಪತ್ತು ಕೊಡು ಸಾಕು ಅಂದರು. ಇಬ್ಬರಿಗೂ ಖುಷಿ.

ಎಸ್ಟೇಟ್ ಸೇಲ್, ಹರಾಜು

ಮನೆಯ ಹಿರಿಯರು ತೀರಿಕೊಂಡ ಮೇಲೆ, ಇಲ್ಲಾ ಮನೆ ಖಾಲಿ ಮಾಡುವಾಗ ಇಡೀ ಮನೆಯ ಸಾಮಾನು ಮಾರೋದು ಎಸ್ಟೇಟ್ ಸೇಲ್. ಸಾಮಾನ್ಯವಾಗಿ ನಡೆಸೋದು ಅದಕ್ಕೇ ಇರುವ ಕಂಪನಿಗಳು. ಹಾಗಾಗಿ ಪ್ರತಿ ಸಾಮಾನಿಗೂ ಯಾರೋ ಒಬ್ಬರು ನೋಡಿ ಬೆಲೆ ಹಾಕಿರುತ್ತಾರೆ. ಗ್ಯಾರೇಜ್ ಸೇಲ್‌ನ ಒಂದು ಡಾಲರಿನದ್ದು ಇಲ್ಲಿ ನಾಲ್ಕೋ ಐದೋ. ಆದರೆ ಮುಂಚೆಯೇ ಫೋಟೋ ಹಾಕುತ್ತಾರೆ, ಮನೆಯಿಂದಲೇ ನೋಡಿ ಹೋಗಬೇಕಾ ಬೇಡವಾ ತೀರ್ಮಾನ ಮಾಡಬಹುದು. ಫೋಟೋಗಳಲ್ಲಿ ಗ್ಯಾರೇಜು, ನೆಲಮಾಳಿಗೆಯ ಕಿಟಕಿ, ಶೆಡ್ಡಿನ ಶೆಲ್ಫು ನೋಡಿ. ಹಾಲಿನ ಫೋಟೋದಲ್ಲಿ ನಮಗೇನೂ ಇರೋದಿಲ್ಲ. ಎಷ್ಟೋ ಕಡೆ ಕೊನೇ ದಿನ ಅರ್ಧ ಬೆಲೆ. ಸಾಮಾನ್ಯದ್ದಕ್ಕೆ ಕೊನೇ ದಿನ ಹೋಗಿ, ಬಣ್ಣದ್ದು ಕಂಡಿದ್ದರೆ ಮೊದಲ ದಿನ ಸಾಲಿನಲ್ಲಿ ನಿಲ್ಲಿ.

ಹಳ್ಳಿ ಕಡೆಯ ಹರಾಜಿನಲ್ಲಿ ಪೆಟ್ಟಿಗೆ ಲೆಕ್ಕದಲ್ಲಿ ಹೋಗುತ್ತದೆ. ಬೇಡದ ಮೂರು ಕುದುರೆ ಲಾಳದ ಜೊತೆ ಹದಿನೈದು ಇನ್ಸುಲೇಟರ್. ಎಣಿಕೆಗೆ ಇದಕ್ಕಿಂತ ಅಗ್ಗ ಬೇರೆಲ್ಲೂ ಇಲ್ಲ. ಹರಾಜಿನ ಬೆಲೆಯ ಮೇಲೆ ಶೇಕಡಾ ಇಷ್ಟು ಅಂತ ಕೆಲವು ಕಡೆ ಸೇರಿಸುತ್ತಾರೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಫ್ಲೀ ಮಾರ್ಕೆಟ್

ಇದು ಹಳೇ ಸಾಮಾನಿನ ಸಂತೆ, ಮಾರುವವರು ವ್ಯಾಪಾರಿಗಳು. ಗ್ಯಾರೇಜ್ ಸೇಲ್‌ನಲ್ಲಿ ನಮಗಿಂತ ಮುಂಚೆ ಹೋಗಿ ಎತ್ತಿದ್ದನ್ನೇ ಇಲ್ಲಿ ತಂದು ಇಟ್ಟಿರುತ್ತಾರೆ. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಸಂತೆ ಮೇ, ಜುಲೈ, ಸೆಪ್ಟೆಂಬರ್ ಹೀಗೆ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಪೂರ್ವ ಕಡೆಯವರಿಗೆ ಅದು ಹತ್ತಿರ.

ಆದರೆ ನಾನು ಮನಸಾರೆ ಹೇಳೋದು ರೂಟ್ 127ರ ಯಾರ್ಡ್ ಸೇಲ್. 1987ರಲ್ಲಿ ಶುರುವಾಗಿದ್ದು, ಈಗ ಮಿಶಿಗನ್‌ನ ಆಡಿಸನ್‌ನಿಂದ ಅಲಬಾಮಾದ ಗ್ಯಾಡ್ಸನ್‌ವರೆಗೆ 690 ಮೈಲಿ, ಆರು ರಾಜ್ಯ. ಆಗಸ್ಟ್ ತಿಂಗಳ ಮೊದಲ ಗುರುವಾರದಿಂದ ಭಾನುವಾರದವರೆಗೆ ರಸ್ತೆಯುದ್ದಕ್ಕೂ ಜನ ಹೊಲದಲ್ಲಿ, ಚರ್ಚಿನ ಅಂಗಳದಲ್ಲಿ, ಮನೆ ಮುಂದೆ ಮೇಜು ಹಾಕಿ ಕೂತಿರುತ್ತಾರೆ. ಸಿನ್ಸಿನಾಟಿಯಿಂದ ಓಹಾಯೋ ನದಿ ದಾಟಿ ಕೋವಿಂಗ್ಟನ್‌ಗೆ ಇಳಿಯುವ ದಾರಿ ಅದು, ಅಂದರೆ ಹೆಮಿಂಗ್ರೇ ಹಿಡಿದ ದಾರಿಯೇ. ವ್ಯಾಪಾರಿಗಳೂ ಇರುತ್ತಾರೆ, ಮನೆಯವರೂ ಇರುತ್ತಾರೆ, ಎರಡೂ ಬೆಲೆ ಅಕ್ಕಪಕ್ಕದಲ್ಲೇ ಸಿಗುತ್ತದೆ.

ಅಲ್ಲಿ ಕೆಂಟಕಿಯ ಒಂದು ಹೊಲದಲ್ಲಿ ನನಗೆ ಸಿಕ್ಕಿದ್ದನ್ನು ಹೇಳಲೇಬೇಕು. ಬಕೆಟಿನಲ್ಲಿ ಗೇಟಿನ ಕೀಲು, ಚಿಲಕ, ಅದರ ಮಧ್ಯೆ ಮಸಿಯಂತೆ ಕಪ್ಪಗಿದ್ದ ಒಂದು ಗಾಜು. ಕಲ್ಲಿದ್ದಲಿನ ಗಾಡಿಗಳ ಕಾಲದಲ್ಲಿ ಹಳಿ ಪಕ್ಕದ ಕಂಬದಲ್ಲಿದ್ದವು ಹೀಗೇ ಇರುತ್ತವೆ, ಹೊಗೆ ಕೂತು ಕೂತು ಬಣ್ಣವೇ ಕಾಣೋದಿಲ್ಲ. ಹೆಚ್ಚಿನವರು ಅಲ್ಲೇ ಬಿಟ್ಟುಹೋಗುತ್ತಾರೆ. ಬಾಟಲಿಯ ನೀರಿನಲ್ಲಿ ಟಿಶ್ಯೂ ಅದ್ದಿ ನಾಣ್ಯದಷ್ಟು ಜಾಗ ಒರೆಸಿದೆ, ಸೂರ್ಯನಿಗೆ ಹಿಡಿದೆ. ಆ ನಾಣ್ಯದಷ್ಟು ಜಾಗದಲ್ಲಿ ಗಾಢ ಹಸಿರು, ಅದರೊಳಗೆ ಹಾಲು ಕಲಕಿದಂತೆ ಬಿಳಿ ಎಳೆ, ಮಧ್ಯೆ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆ. ಅಕ್ಷರ ಬೆರಳಿಗೆ ಸಿಕ್ಕಿತು: ಬ್ರೂಕ್‌ಫೀಲ್ಡ್, ಹೆಮಿಂಗ್ರೇ ಥರದ್ದೇ ಇನ್ನೊಂದು ಹಳೇ ಕಂಪನಿ. ಐವತ್ತು ಸೆಂಟು. ಒರೆಸಿ ನೋಡದೆ ಕಪ್ಪು ಗಾಜನ್ನು ಯಾವತ್ತೂ ಬಿಡಬೇಡಿ.

ಆಂಟಿಕ್ ಮಾಲ್, ಆನ್‌ಲೈನ್, ಶೋ

ಆಂಟಿಕ್ ಮಾಲ್‌ನಲ್ಲಿ ವರ್ಷವಿಡೀ ಸಿಗುತ್ತದೆ, ಮಳೆ ಚಳಿ ಇಲ್ಲ, ತೊಳೆದು ಇಟ್ಟಿರುತ್ತಾರೆ. ಸಾಮಾನ್ಯ ಹೆಮಿಂಗ್ರೇ-42ಕ್ಕೆ ಎಂಟರಿಂದ ಹದಿನೈದು ಡಾಲರ್ ಚೀಟಿ ಅಂಟಿಸಿರೋದನ್ನು ನಾನು ನೋಡಿದ್ದೇನೆ. ಅದೇನೂ ಮೋಸ ಅಲ್ಲ, ಬಾಡಿಗೆ ಕಟ್ಟಬೇಕಲ್ಲ. ಅಪಾಯ ಬೇರೆ ಇದೆ, ಅದು ಸುಳ್ಳು ಬಣ್ಣ.

ಇದು ನನಗೇ ಆಗಿದ್ದು. ಎರಡನೇ ವರ್ಷ ಒಂದು ಮಾಲ್‌ನಲ್ಲಿ ವಿಟಾಲ್ ಟೇಟಮ್ ನಂಬರ್ 1 ಕಂಡೆ, ದ್ರಾಕ್ಷಿ ರಸದಂಥ ಗಾಢ ನೇರಳೆ, 'ಅಪರೂಪ' ಅಂತ ಚೀಟಿ, ನಲವತ್ತೈದು ಡಾಲರ್. ತಗೊಂಡೆ. ಮುಂದೆ ಒಂದು ಶೋನಲ್ಲಿ ಹಿರಿಯ ಸಂಗ್ರಹಕಾರರೊಬ್ಬರು ನನ್ನದರ ಪಕ್ಕ ತಮ್ಮದೊಂದನ್ನು ಇಟ್ಟರು. ಅವರದ್ದು ತಿಳಿ, ಒಂದು ಕಡೆ ಸ್ವಲ್ಪ ಗಾಢ. ನನ್ನದು ಶಾಯಿ. ವಿಕಿರಣಕ್ಕೆ ಒಡ್ಡಿ ಬಣ್ಣ ಬರಿಸಿದ್ದು ಅಂದರು. ವಿಷಯ ಏನೆಂದರೆ, ಗಾಜಿನ ಹಸಿರು ಛಾಯೆ ಹೋಗಲಿ ಅಂತ ಹಿಂದೆ ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಗಾಜು ದಶಕಗಟ್ಟಲೆ ಬಿಸಿಲಿನಲ್ಲಿದ್ದರೆ ತಾನಾಗಿ ನೇರಳೆಗೆ ತಿರುಗುತ್ತದೆ. ಅದು ಸಹಜ. ವಿಕಿರಣದಲ್ಲಿ ಅದೇ ಕೆಲಸ ಬೇಗ ಆಗುತ್ತದೆ, ವಿಪರೀತವೂ ಆಗುತ್ತದೆ. ಎಲ್ಲಾ ಕಡೆ ಒಂದೇ ಸಮ, ಕಣ್ಣಿಗೆ ಹೊಡೆಯುವಷ್ಟು ಗಾಢ ನೇರಳೆ ಅಥವಾ ಹೊಗೆ ಬಣ್ಣದ ಕಂದು ಕಂಡರೆ ಹುಷಾರು. ಗ್ಯಾರೇಜ್ ಸೇಲ್‌ನಲ್ಲಿ ಈ ಭಯ ಕಡಿಮೆ. ಮೂವತ್ತು ವರ್ಷದಿಂದ ಶೆಡ್ಡಿನಲ್ಲಿ ಬಿದ್ದಿದ್ದಕ್ಕೆ ಯಾರೂ ಬಣ್ಣ ಬರಿಸೋಕೆ ಹೋಗಿರೋದಿಲ್ಲ.

ಆನ್‌ಲೈನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹುಡುಕಿದ್ದು ಸಿಗುತ್ತದೆ, ಅದೊಂದು ದೊಡ್ಡ ಗುಣ. ಆದರೆ ಒಂದೊಂದೂ ಅರ್ಧ ಕೆಜಿ ಆಸುಪಾಸು, ಮೂರು ಡಾಲರಿನ ಗಾಜಿಗೆ ಅಂಚೆ ಖರ್ಚು ಅದರ ಮೂರು ಪಟ್ಟು. ಚಕ್ಕೆ ಎದ್ದಿದ್ದು ಫೋಟೋದಲ್ಲಿ ಕಾಣೋದಿಲ್ಲ, ಕೆಳ ಅಂಚಿನ ಫೋಟೋ ಕೇಳಿ ತರಿಸಿಕೊಳ್ಳಿ. ಎರಡು ಸುತ್ತು ಪೇಪರ್ ಸುತ್ತಿ ಕಳಿಸಿದ್ದು ನನಗೆ ಎರಡು ಹೋಳಾಗಿ ಬಂದು ತಲುಪಿದೆ. ಪಟ್ಟಿಯಲ್ಲಿ ಒಂದೇ ಒಂದು ಬಾಕಿ ಇದ್ದಾಗ ಮಾತ್ರ ಈಗ ಅಲ್ಲಿಗೆ ಹೋಗುತ್ತೇನೆ.

ಶೋ ಅಂದರೆ ಸಂಗ್ರಹಕಾರರೇ ಸೇರಿ ಮಾಡುವ ಮೇಳ. ನ್ಯಾಷನಲ್ ಇನ್ಸುಲೇಟರ್ ಅಸೋಸಿಯೇಷನ್ ಅಂತ 1973ರಲ್ಲಿ ಶುರುವಾದ ಸಂಘ ಇದೆ, ಬೇರೆ ಬೇರೆ ರಾಜ್ಯಗಳಲ್ಲಿ ಇಂಥ ಮೇಳಗಳು ನಡೆಯುತ್ತವೆ. ಮೇಜಿನ ಹಿಂದೆ ದೀಪ ಇಟ್ಟು ಗಾಜು ಜೋಡಿಸಿರುತ್ತಾರೆ, ಒಳಗೆ ಕಾಲಿಟ್ಟರೆ ದೀಪಾವಳಿಯ ಸಂಜೆ ಥರ. ಬೆಲೆ ಸರಿಯಾಗಿರುತ್ತದೆ, ಅಂದರೆ ಅಗ್ಗವಲ್ಲ, ದುಬಾರಿಯೂ ಅಲ್ಲ. ದೋಷ ಇದ್ದರೆ ಅವರೇ ತೋರಿಸುತ್ತಾರೆ. ನೀವು ಏನೂ ಕೊಳ್ಳದಿದ್ದರೂ ಪರವಾಗಿಲ್ಲ, ನಿಮ್ಮ ಹತ್ತಿರ ಇರುವ ಗೊತ್ತಾಗದ ನಾಲ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೇಳಿಕೊಡೋಕೆ ಅವರಿಗೆ ಎಷ್ಟು ಖುಷಿ ಅಂದರೆ, ನಾನು ಒಂದು ಗಂಟೆಗೆ ಅಂತ ಹೋಗಿ ಸಂಜೆವರೆಗೆ ಕೂತಿದ್ದೇನೆ. ಆದರೆ ಮೊದಲ ದಿನವೇ ಇಲ್ಲಿಗೆ ಬರಬೇಡಿ. ಕೈಯಲ್ಲಿ ನೂರು ಗಾಜು ಓಡಾಡಿದ ಮೇಲೆ ಬಂದರೆ ಕೇಳೋಕೆ ಪ್ರಶ್ನೆ ಇರುತ್ತದೆ.

ಮೇಜಿನ ಮೇಲೆ ಎರಡಿದ್ದರೆ ಯಾವುದು

ಒಂದು ಹೆಮಿಂಗ್ರೇ-42, ಒಂದು ಲಿಂಚ್‌ಬರ್ಗ್ 44, ಎರಡೂ ಒಂದೇ ಡಾಲರು ಅಂದುಕೊಳ್ಳಿ. ಲಿಂಚ್‌ಬರ್ಗ್ ತಗೊಳ್ಳಿ. ಆ ಕಂಪನಿ ಇನ್ಸುಲೇಟರ್ ಮಾಡಿದ್ದು 1920ರ ದಶಕದ ಮಧ್ಯದ ಕೆಲವೇ ವರ್ಷ, ಹೆಮಿಂಗ್ರೇ ಮಾಡಿದ್ದು ತಲೆಮಾರುಗಟ್ಟಲೆ.

ಸಾದಾ ಗಾಜಿನ ಹೊಳೆಯುವ, ಕೆರ್ ಕಂಪನಿಯ 'ಕೆರ್ ಡಿಪಿ 1' ಒಂದು, ಮಸಿ ಹಿಡಿದ ಜೇನುಗೂಡು ಆಕಾರದ್ದು ಒಂದು ಇದ್ದರೆ ಜೇನುಗೂಡನ್ನೇ ಎತ್ತಿ. ಬೀಹೈವ್ ಅಂತ ಕರೆಯುವ ಈ ಸಿಡಿ 145ರಲ್ಲಿ ಹೆಸರುಗಳ ರಾಶಿಯೇ ಇದೆ. ಬ್ರೂಕ್‌ಫೀಲ್ಡ್, ಪೋಸ್ಟಲ್, ಸ್ಟಾರ್ ಗುರುತು, ಹೆಮಿಂಗ್ರೇಯದ್ದೇ ಆದ 'ಎಚ್.ಜಿ.ಕೋ. ಪೆಟಿಕೋಟ್ ಬೀಹೈವ್'. ಕೆರ್ ಎಲ್ಲಾ ಕಡೆ ಸಿಗುತ್ತದೆ, ನಾಳೆಯೂ ಸಿಗುತ್ತದೆ.

ಹೆಮಿಂಗ್ರೇ ಮತ್ತು ಬ್ರೂಕ್‌ಫೀಲ್ಡ್ ನಡುವೆ? ಇಲ್ಲಿ ಜನ ಎರಡು ಪಂಗಡ. ಹೆಮಿಂಗ್ರೇ ಗಾಜು ಶುದ್ಧ, ಅಚ್ಚು ಚೊಕ್ಕಟ. ಬ್ರೂಕ್‌ಫೀಲ್ಡ್ ಗಾಜಿನಲ್ಲಿ ಗುಳ್ಳೆ, ಎಳೆ, ಮಡಿಕೆ, ಕಸ ಎಲ್ಲಾ ಇರುತ್ತದೆ. ನನಗೆ ಬ್ರೂಕ್‌ಫೀಲ್ಡ್ ಮೇಲೇ ಜೀವ. ಕುಲುಮೆಯ ಬಿಸಿ, ಅವತ್ತಿನ ಆತುರ ಎಲ್ಲಾ ಅದರಲ್ಲಿ ಹೆಪ್ಪುಗಟ್ಟಿದೆ. ಒಳಗಿನ ತಿರುಪಿಗೆ 1865ರ ಜುಲೈ 25ರಂದು ಪೇಟೆಂಟ್ ಪಡೆದವರು ಲೂಯಿಸ್ ಕಾವೆ, ಅದನ್ನು ಕೊಂಡು ಬಳಸಿದ್ದು ಇದೇ ಬ್ರೂಕ್‌ಫೀಲ್ಡ್. ಅದಕ್ಕಿಂತ ಮುಂಚಿನವಕ್ಕೆ ತಿರುಪೇ ಇರಲಿಲ್ಲ, ನುಣುಪಾದ ತೂತನ್ನು ಮರದ ಗೂಟಕ್ಕೆ ಸಿಕ್ಕಿಸುತ್ತಿದ್ದರು, ಎಷ್ಟೋ ಸಲ ಗಾಳಿಗೆ ಕಳಚಿ ಬೀಳುತ್ತಿತ್ತು. ಗ್ಯಾರೇಜ್ ಸೇಲ್‌ನಲ್ಲಿ ಒಳಗೆ ಬೆರಳು ಹಾಕಿದಾಗ ತಿರುಪು ಸಿಗದೆ ನುಣುಪಾಗಿದ್ದರೆ ಅಲ್ಲೇ ನಿಲ್ಲಿ, ಸಮಾಧಾನವಾಗಿ ನೋಡಿ. ಹಳೇದು ಅಂತ ಹೇಳಿ ಹೊಸದಾಗಿ ಮಾಡಿದ ನಕಲಿಗಳೂ ಇವೆ. ಆದರೂ ಒಂದೆರಡು ಡಾಲರಿಗೆ ಅದನ್ನು ಬಿಟ್ಟು ಬರೋ ಮಾತೇ ಇಲ್ಲ.

ಏನೇ ತಗೊಂಡರೂ ತಲೆಕೆಳಗು ಮಾಡಿ ಉಗುರಿನಿಂದ ಅಂಚಿನ ಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ಬೆರಳಿನ ಮೆದು ಭಾಗ ಬೇಡ, ಕೊಯ್ದುಕೊಳ್ಳುತ್ತದೆ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಚಕ್ಕೆ ಹೋಗಿದೆ. ಆಮೇಲೆ ತಲೆಯ ಮೇಲೆ ಅರ್ಧಚಂದ್ರದ ಥರ ಬಿಳಿ ಕಲೆ ಇದೆಯಾ ನೋಡಿ, ಅದು ಯಾರೋ ಕಲ್ಲು ಹೊಡೆದ ಗುರುತು. ಕಂಬದ ಮೇಲಿನ ಇವು ಹುಡುಗರಿಗೆ ಗುರಿ ಇಡುವ ಆಟವಾಗಿದ್ದವು. ಕೊನೆಗೆ ಸೂರ್ಯನಿಗೆ ಹಿಡಿದು ಕೂದಲೆಳೆ ಬಿರುಕು ಹುಡುಕಿ. ಸಾಮಾನ್ಯದ್ದರಲ್ಲಿ ದೊಡ್ಡ ಚಕ್ಕೆ ಇದ್ದರೆ ಬಿಟ್ಟುಬಿಡಿ. ಅಪರೂಪದ ಬಣ್ಣವಾದರೆ ಚಕ್ಕೆ ಇದ್ದರೂ ತಗೊಳ್ಳಿ.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹಳೇ ರೈಲು ಹಳಿ ಪಕ್ಕ ಇನ್ನೂ ನಿಂತ ಕಂಬ ಕಂಡರೆ ಹತ್ತೋಕೆ ಹೋಗಬೇಡಿ. ಆ ಜಾಗ ರೈಲ್ವೆ ಕಂಪನಿಯದ್ದು, ಕಾಲಿಟ್ಟರೆ ಅತಿಕ್ರಮಣ. ಕಂಬ ಕೊಳೆತಿರುತ್ತದೆ, ತಂತಿ ಸತ್ತಿದೆ ಅಂತ ಯಾರು ಹೇಳಿದರು? ಒಂದು ಡಾಲರಿಗೆ ಸಿಗುವ ವಸ್ತುವಿಗೆ ಪ್ರಾಣ ಒತ್ತೆ ಇಡಬೇಡಿ.

ತೊಳೆಯೋದು, ಊರಿಗೆ ಒಯ್ಯೋದು

ಮೊದಲು ಬಿಸಿ ನೀರು ಬೇಡ, ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ಒಂದು ರಾತ್ರಿ ನೆನೆಸಿ. ಹೊಗೆಯ ಮಸಿ ಅದಕ್ಕೆ ಬಗ್ಗದಿದ್ದರೆ ಆಕ್ಸಾಲಿಕ್ ಆಮ್ಲ ಇರುವ ಪಾತ್ರೆ ತಿಕ್ಕುವ ಪುಡಿ, ಇಲ್ಲಿ ಬಾರ್ ಕೀಪರ್ಸ್ ಫ್ರೆಂಡ್ ಅಂತ ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆಯಲ್ಲಿ ಮಾಡಬೇಡಿ, ಮಕ್ಕಳನ್ನು ದೂರ ಇಡಿ. ಮೇಲೆ ಎಣ್ಣೆ ಹರಡಿದಂತೆ ಹೊಳೆಯುವ ಕಾರ್ನಿವಲ್ ಲೇಪ ಇರುವ, ಪೈರೆಕ್ಸ್ ಹೆಸರಿನ ಇನ್ಸುಲೇಟರ್ ಸಿಕ್ಕರೆ ಸೋಪು ಮಾತ್ರ, ಬೇರೇನೂ ಹಾಕಬೇಡಿ.

ಅಪ್ಪ ಟೆಲಿಗ್ರಾಫ್ ಇಲಾಖೆಯಲ್ಲಿದ್ದವರು, ಅರಸೀಕೆರೆ ಕಡೆ ಲೈನಿನ ಕೆಲಸ. 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಾಗ ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಇಲ್ಲಿಗೆ ಬಂದಿದ್ದಾಗ ನನ್ನ ಕಿಟಕಿಯಲ್ಲಿದ್ದ ಹೊಳೆಯೋ ಬಣ್ಣದವನ್ನೆಲ್ಲ ಬಿಟ್ಟು ಲೈನ್‌ಮ್ಯಾನ್ ಅಜ್ಜನ ಪೆಟ್ಟಿಗೆಯಲ್ಲಿದ್ದ ಒಂದು ಅಕ್ವಾ 42 ಎತ್ತಿಕೊಂಡರು, ತಿರುಗಿಸಿದರು, ಒಳಗೆ ಹೆಬ್ಬೆರಳು ಹಾಕಿದರು. ಅದರ ತಿರುಪಿನಲ್ಲಿ ಮುರಿದ ಮರದ ಗೂಟದ ಚೂರು ಇನ್ನೂ ಅಂಟಿಕೊಂಡಿತ್ತು. 'ನಮ್ಮದರಲ್ಲಿ ಕಬ್ಬಿಣದ ಕಡ್ಡಿ ಇರ್ತಿತ್ತು ಕಣೋ, ಇವರದ್ದು ಮರ' ಅಂದರು. ಹೋಗುವಾಗ ಅದನ್ನೇ ಕೇಳಿದರು. ತೊಳೀತೀನಿ ಅಂದರೆ ಬೇಡ ಅಂದರು.

ನೀವೂ ಊರಿಗೆ ಒಯ್ಯುವುದಾದರೆ ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿ, ಒಂದೊಂದನ್ನೂ ದಪ್ಪ ಕಾಲುಚೀಲದೊಳಗೆ ತುರುಕಿ, ಮೇಲೆ ಒಂದು ಟವೆಲ್ ಸುತ್ತಿ ಮಧ್ಯದಲ್ಲಿಡಿ, ಒಂದಕ್ಕೊಂದು ತಾಗಬಾರದು. ನಾಲ್ಕಕ್ಕೆ ಎರಡು ಕೆಜಿ ಅಂತ ಲೆಕ್ಕ ಇಟ್ಟುಕೊಳ್ಳಿ. ಅಪ್ಪನದ್ದು ಅವರ ಉಣ್ಣೆ ಟೋಪಿಯೊಳಗೆ ಅರಸೀಕೆರೆ ತಲುಪಿತು, ಒಂದು ಚಕ್ಕೆಯೂ ಏಳದೆ, ಮರದ ಚೂರಿನ ಸಮೇತ.